38 ಅಳತೆಯ ಅಡಿಕೆ ಟ್ರೇ, 38 ಫೈಲ್: ಒಂದೇ ಮಾದರಿಗೆ ತರುವುದು ಹೇಗೆ?

ಬದಿಯಡ್ಕದವ

ಅಡಿಕೆ ಡ್ರೈಯರಿಗೆ ಟ್ರೇ ಮಾಡಿಕೊಡುವುದು ನಮ್ಮ ಶೆಡ್ಡಿನ ಮುಖ್ಯ ಕೆಲಸ. ಅಂಗಳದಲ್ಲಿ ಹರಡಿದ ಅಡಿಕೆಗೆ ಅಕಾಲ ಮಳೆ ಬಿದ್ದ ವಾರ ಫೋನ್ ಕೆಳಗಿಡಲಿಕ್ಕೆ ಪುರುಸೊತ್ತಿಲ್ಲ. ಎಲ್ಲ ಟ್ರೇಯೂ ನೋಡಲಿಕ್ಕೆ ಒಂದೇ: ತೂತಿನ ತಳ, ಮೇಲಕ್ಕೆ ಮಡಚಿದ ನಾಲ್ಕು ಬದಿ, ಕೈ ಕೊಯ್ಯದ ಹಾಗೆ ಒಳಕ್ಕೆ ಮಡಚಿ ಒತ್ತಿದ ಅಂಚು. ಅಳತೆ ಮಾತ್ರ ಮನೆಗೊಂದು. ಫ್ರೀಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶದಲ್ಲಿ ಹಳೆ ಫೈಲನ್ನು ಕಾಪಿ ಮಾಡಿ, ಉದ್ದ ಅಗಲ ತಿದ್ದಿ, ಅನ್‌ಫೋಲ್ಡ್ ಮಾಡಿದ (ಮಡಿಕೆ ಬಿಚ್ಚಿ ಚಪ್ಪಟೆ ಮಾಡಿದ) ನಕ್ಷೆಯ ಡಿಎಕ್ಸ್‌ಎಫ್ ಫೈಲನ್ನು ಲೇಸರ್ ಕಟಿಂಗಿಗೆ ಕಳಿಸುತ್ತಾ ಬಂದೆ. ಈಗ 38 ಫೈಲ್ ಆಗಿದೆ.

ಹೋದ ತಿಂಗಳು 1.2 ಎಂ.ಎಂ. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಗಡು ಬಿಟ್ಟು 1.6ಕ್ಕೆ ಹೋದೆವು. ಒಂದೊಂದೇ ಫೈಲ್ ತೆರೆದು ದಪ್ಪ ಬದಲಿಸಿದೆ, ಒಂದು ಬಿಟ್ಟುಹೋಯಿತು. ಆ ಅಳತೆಯ 12 ಟ್ರೇ ಅಗಲದಲ್ಲಿ ಒಂದೂವರೆ ಎಂ.ಎಂ. ಹೆಚ್ಚಾಗಿ, ತೋಟದವರ ಮನೆಯಲ್ಲಿ ಡ್ರೈಯರಿನ ಆ್ಯಂಗಲ್‌ಗಳ (ಟ್ರೇ ಕೂರುವ ಎಲ್ ಆಕಾರದ ಪಟ್ಟಿಗಳ) ನಡುವೆ ಅರ್ಧ ಹೋಗಿ ಸಿಕ್ಕಿಹಾಕಿಕೊಂಡವು. ಒದ್ದೆ ಅಡಿಕೆ ಗೋಣಿಯಲ್ಲಿ ಕಾಯುತ್ತಿತ್ತು. ಯಜಮಾನರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಇದನ್ನೆಲ್ಲ ಒಂದೇ ಮಾದರಿಯೊಳಗೆ ತರುವ ದಾರಿ ಉಂಟಾ?

ಹೊಸೂರು_ಬೆಂಡಿಂಗ್

ಇದೆ ಸಾರ್. ನಾನು ಹೊಸೂರಲ್ಲಿ ಎಲೆಕ್ಟ್ರಿಕಲ್ ಪ್ಯಾನಲ್ ಬಾಕ್ಸ್‌ಗಳ ಡ್ರಾಯಿಂಗ್ ಮಾಡ್ತೀನಿ, ನಮ್ಮಲ್ಲೂ ಇದೇ ಪಾಡಿತ್ತು.

ಕಂಪ್ಯೂಟರ್ ಮುಟ್ಟೋಕೆ ಮುಂಚೆ 38ನ್ನೂ ಕಾಗದದ ಮೇಲೆ ಗುಂಪು ಮಾಡಿ. ಅಳತೆ ಮಾತ್ರ ಬೇರೆ ಇರೋವೆಲ್ಲ ಒಂದು ಮಾದರಿ. ಹಿಡಿ ಇರೋದು, ಇಲ್ಲದ್ದು ಅಂತ ಆಕಾರವೇ ಬೇರೆ ಆದರೆ ಅದಕ್ಕೆ ಇನ್ನೊಂದು ಮಾದರಿ. ಎಲ್ಲಾ ಒಂದೇ ಫೈಲಿಗೆ ತುರುಕಿದರೆ ಆರು ತಿಂಗಳಾದ ಮೇಲೆ ನೀವು ಬರೆದ ಷರತ್ತು ನಿಮಗೇ ಅರ್ಥ ಆಗಲ್ಲ.

ಆಮೇಲೆ ಫ್ರೀಕ್ಯಾಡ್ ಒಳಗಿನ ಸ್ಪ್ರೆಡ್‌ಶೀಟ್. ಉದ್ದ, ಅಗಲ, ಎತ್ತರ, ದಪ್ಪ, ಮಡಿಕೆಯ ಒಳ ರೇಡಿಯಸ್, ಪ್ರತಿಯೊಂದಕ್ಕೂ ಒಂದು ಅಲಿಯಾಸ್ (ಮಾದರಿಯಲ್ಲಿ ಅಂಕಿ ಬದಲು ಬಳಸೋ ಹೆಸರು) ಕೊಡಿ. ಎಲ್1, ಡಬ್ಲ್ಯೂ1 ಅಂತ ಇಡಬೇಡಿ. ಅದು ಸೆಲ್ ವಿಳಾಸ, ಫ್ರೀಕ್ಯಾಡ್ ಒಪ್ಪಲ್ಲ. ಸ್ಕೆಚ್ ಒರಿಜಿನ್‌ನ (ಸೊನ್ನೆ ಬಿಂದುವಿನ) ಎರಡೂ ಕಡೆ ಸಮ ಇರಲಿ, ಆಗ ಅಳತೆ ಬದಲಾದರೂ ಬದಿಗಳು ಜಾಗ ತಪ್ಪಲ್ಲ. ಫ್ರೀಕ್ಯಾಡ್‌ನಲ್ಲಿ ಕಾನ್ಫಿಗರೇಷನ್ ಟೇಬಲ್ ಇದೆ: ಒಂದು ಸಾಲಿಗೆ ಒಂದು ಟ್ರೇ, ಹೆಸರು ಆರಿಸಿದರೆ ಮಾದರಿ ಬದಲಾಗುತ್ತೆ. ಬೇರೆ ತಂತ್ರಾಂಶದಲ್ಲೂ ಇಂಥದ್ದಿದೆ: ಸಾಲಿಡ್‌ವರ್ಕ್ಸ್ ಇದ್ದವರಿಗೆ ಡಿಸೈನ್ ಟೇಬಲ್, ಇನ್ವೆಂಟರ್ ಇದ್ದವರಿಗೆ ಐಪಾರ್ಟ್. ದಪ್ಪ, ರೇಡಿಯಸ್ ಮಾತ್ರ ಸಾಲುಸಾಲಿಗೂ ಹಾಕಲೇಬೇಡಿ, ಇಡೀ ಫೈಲಿಗೆ ಒಂದೇ ಸೆಲ್. ನಿಮ್ಮ 12 ಟ್ರೇ ಕೆಟ್ಟಿದ್ದು ಅಲ್ಲೇ.

ಕೆ-ಫ್ಯಾಕ್ಟರ್ ಅಂದ್ರೆ ಮಡಚುವಾಗ ಹಿಗ್ಗದೆ ಕುಗ್ಗದೆ ಉಳಿಯೋ ಪದರ ತಗಡಿನ ದಪ್ಪದಲ್ಲಿ ಎಲ್ಲಿದೆ ಅನ್ನೋ ಅಂಕಿ. ಅದನ್ನ ಯಾವುದೋ ಚಾರ್ಟ್ ನೋಡಿ ಹಾಕಬೇಡಿ. 100 ಎಂ.ಎಂ. ಪಟ್ಟಿ ಕತ್ತರಿಸಿ, ನಿಮ್ಮ ವಿ-ಡೈಯಲ್ಲೇ (ಮಡಚೋ ಯಂತ್ರದ ವಿ ಆಕಾರದ ಅಚ್ಚು) 90 ಡಿಗ್ರಿ ಮಡಚಿ, ಎರಡು ಕಾಲಿನ ಹೊರ ಅಳತೆ ಕೂಡಿಸಿ. 100ಕ್ಕಿಂತ ಎಷ್ಟು ಜಾಸ್ತಿಯೋ ಅದು ಬೆಂಡ್ ಡಿಡಕ್ಷನ್ (ಚಪ್ಪಟೆ ಅಳತೆಗೆ ಕಳೆಯಬೇಕಾದ್ದು). ರೇಡಿಯಸ್‌ಗೆ ದಪ್ಪ ಕೂಡಿಸಿ ಎರಡರಿಂದ ಗುಣಿಸಿ, ಅದರಲ್ಲಿ ಡಿಡಕ್ಷನ್ ಕಳೆದರೆ ಬೆಂಡ್ ಅಲವೆನ್ಸ್ (ಮಡಿಕೆಗೆ ಬೇಕಾದ ತಗಡಿನ ಉದ್ದ). ಅದನ್ನ 1.5708ರಿಂದ ಭಾಗಿಸಿ, ರೇಡಿಯಸ್ ಕಳೆದು, ದಪ್ಪದಿಂದ ಭಾಗಿಸಿದರೆ ಕೆ-ಫ್ಯಾಕ್ಟರ್. ಡೈ ಬದಲಾದರೆ ಮತ್ತೆ ಅಳೀರಿ.

ಮಂಜೇಶ್ವರ_ಡ್ರಾಯಿಂಗ್

ತೂತಿನ ವಿಷಯ ಬಿಟ್ಟುಹೋಯಿತು. ಸಾವಿರಗಟ್ಟಲೆ ತೂತು ಮಾದರಿಯಲ್ಲಿ ಇಟ್ಟರೆ ಒಂದು ಅಳತೆ ತಿದ್ದಿದ ಕೂಡಲೇ ಕಂಪ್ಯೂಟರ್ ನಿಂತೇಹೋಗುತ್ತದೆ. ಮಡಚುವ ಮಾದರಿಯಲ್ಲಿ ತೂತು ಬೇಡ, ಡಿಎಕ್ಸ್‌ಎಫ್ ಮಾಡುವಾಗ ಸೇರಿಸಿ. ಎಣಿಕೆಯನ್ನು ಟೇಬಲ್ಲೇ ಲೆಕ್ಕ ಹಾಕಲಿ: 600 ಎಂ.ಎಂ. ಅಗಲ, ಅಂಚಿಗೆ ಕನಿಷ್ಠ 15, ತೂತಿನಿಂದ ತೂತಿಗೆ 12 ಎಂದಾದರೆ, 570ನ್ನು 12ರಿಂದ ಭಾಗಿಸಿದರೆ 47.5. ದಶಾಂಶ ಬಿಟ್ಟು 47 ಅಂತರ, 48 ತೂತು. ಉಳಿದದ್ದನ್ನು ಎರಡು ಪಾಲು ಮಾಡಿದರೆ ಅಂಚಿಗೆ 18 ಬರುತ್ತದೆ. ಹೀಗೆ ಮಾಡದಿದ್ದರೆ ಯಾವುದೋ ಒಂದು ಅಳತೆಯಲ್ಲಿ ತೂತು ಮಡಿಕೆಯ ಮೇಲೆ ಬಂದು ಮೊಟ್ಟೆಯ ಆಕಾರಕ್ಕೆ ಎಳೆಯುತ್ತದೆ.

ಬದಿಯಡ್ಕದವ

ಇಬ್ಬರಿಗೂ ತುಂಬ ಉಪಕಾರ ಆಯಿತು. ಗುಂಪು ಮಾಡಿದಾಗ 38ರಲ್ಲಿ ಆಕಾರ ಎರಡೇ! 33 ಸಾದಾ, 5 ಹಿಡಿ ಇರುವುದು. ಪಟ್ಟಿ ಮಡಚಿ ವರ್ನಿಯರ್ ಹಿಡಿದೆ: 51.5, 51.5. ಒಳ ರೇಡಿಯಸ್ 2. ಲೆಕ್ಕ ಮಾಡಿದರೆ ಕೆ 0.42. ಅದನ್ನು ಹಾಕುವಾಗ ಫ್ರೀಕ್ಯಾಡ್ ಆನ್ಸಿಯಾ (ANSI, ಅಮೆರಿಕದ ಮಾನದಂಡ) ಡಿನ್ನಾ (DIN, ಜರ್ಮನಿಯದ್ದು) ಎಂದು ಕೇಳುತ್ತದೆ. ನಮ್ಮ ಲೆಕ್ಕದ್ದು ಆನ್ಸಿ; ಡಿನ್ ಆರಿಸಿದರೆ ಇದರ ಇಮ್ಮಡಿ, 0.84 ಕೊಡಬೇಕು. ಇದನ್ನು ಓದುವ ಬೇರೆಯವರೂ ಅಲ್ಲಿ ಸ್ವಲ್ಪ ಜಾಗ್ರತೆ ಮಾಡಿ.

ಹೊಸ ಫೈಲಿನಿಂದ ಆ 12 ಟ್ರೇ ಪುನಃ ಮಾಡಿಸಿದೆ. ನಿನ್ನೆ ಸಂಜೆ ನಾನೇ ಹೋಗಿ ಒಂದೊಂದಾಗಿ ತಳ್ಳಿ ನೋಡಿದೆ, ಹನ್ನೆರಡೂ ಒಂದೇ ಕೈಯಲ್ಲಿ ಒಳಗೆ ಹೋದವು. ಹಿಡಿ ಇರುವ ಐದರ ಟೇಬಲ್ ಇನ್ನೂ ಬರೆಯಲಿಕ್ಕುಂಟು.