ಕುಮಾರ ಪರ್ವತ: ಕುಕ್ಕೆಯಿಂದ ಹತ್ತಿ ಒಂದೇ ದಿನದಲ್ಲಿ ಇಳಿಯಲು ಆಗುತ್ತದಾ?

ಬಿಜೈ_ಬಸ್‌ಸ್ಟ್ಯಾಂಡ್

ಡಿಸೆಂಬರ್ ಮೊದಲ ವಾರ ಮಂಗಳೂರಿನಿಂದ ನಾಲ್ಕು ಜನ ಹೊರಡುವ ಅಂದಾಜು ಉಂಟು. ಮೂವರು ಮೂವತ್ತರ ಒಳಗಿನವರು. ಜೊತೆಗೆ ಮಾವ, ಪ್ರಾಯ 58. ದಿನಾ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ, ಗುಡ್ಡ ಹತ್ತಿ ಅಭ್ಯಾಸ ಇಲ್ಲ. ಅವರಿಗೆ ತುದಿಗಿಂತ ಸ್ಥಳಪುರಾಣದ ಜಾಗಗಳ ಮೇಲೆಯೇ ಆಸೆ. ಬೆಳಿಗ್ಗೆ ಹತ್ತಿ ರಾತ್ರಿಯೊಳಗೆ ಇಳಿಯಬಹುದಾ? ಸೋಮವಾರಪೇಟೆ ಕಡೆಯ ದಾರಿ ಸುಲಭವಾ? ಮತ್ತೆ, ಮೇಲೆ ಆರು ಮುಖದ ಕಲ್ಲು ಸಿಗುತ್ತದಂತೆ, ಹೌದಾ?

ಗಿರಿಗದ್ದೆ_ಗಾಳಿ

ಮೂವರಿಗೆ ಆಗುತ್ತದೆ. ಮಾವನಿಗೆ ಬೇಡ ಮಾರಾಯ್ರೆ. ತುದಿ 1,712 ಮೀಟರ್, ಕುಕ್ಕೆ ಇರುವುದು ಬುಡದಲ್ಲಿ. ಹಾಗಾಗಿ ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಏರು ಒಂದೇ ದಿನ ಕಾಲಿನ ಮೇಲೆ ಬೀಳುತ್ತದೆ. ಒಂದು ಬದಿಗೆ ಸುಮಾರು 13 ಕಿಮೀ. ಹತ್ತಲು ಆರರಿಂದ ಎಂಟು ಗಂಟೆ, ಇಳಿಯಲು ಐದು ಅಂತ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲೆ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಬೇಕು. ಮೊಬೈಲ್ ಟಾರ್ಚ್ ಹಿಡಿದರೆ ಇಳಿಯುವಾಗ ಒಂದು ಕೈ ಹೋಯಿತು.

ಕುಕ್ಕೆ ಪಕ್ಕದ ದೇವರಗದ್ದೆಯಿಂದ ಕಾಡು ಶುರು. ಭೀಮನ ಬಂಡೆ ದಾಟಿ ಭಟ್ರ ಮನೆ (ದಾರಿ ನಡುವೆ ಚಾರಣಿಗರು ನಿಲ್ಲುವ ಮನೆ) ತನಕ ಸುಮಾರು 6 ಕಿಮೀ ಪೂರಾ ನೆರಳು. ಬೇರು, ಕಲ್ಲು, ಮತ್ತೆ ಬೇರು. ಹೊಸಬರು ಇಲ್ಲೇ ಕೆಡಿಸಿಕೊಳ್ಳುವುದು. ಬಿಸಿಲಿಲ್ಲ ಅಂತ ಜೋರು ನಡೆಯುತ್ತಾರೆ, ಆದರೆ ಗಾಳಿ ಆಡುವುದಿಲ್ಲ, ಮೈಯೆಲ್ಲ ಬೆವರು. ಭಟ್ರ ಮನೆ ತಲುಪುವಾಗ ಬಾಟಲಿಯೂ ಖಾಲಿ, ಕಾಲೂ ಖಾಲಿ. ಅಲ್ಲಿಂದ ಮುಂದೆ ಚೆಕ್‌ಪೋಸ್ಟ್, ಅದು ದಾಟಿದರೆ ಬೋಳು ಹುಲ್ಲುಗಾವಲು. ಹತ್ತು ಗಂಟೆಯ ನಂತರ ಅಲ್ಲಿ ಬಿಸಿಲು ನೆತ್ತಿ ಸುಡುತ್ತದೆ. ಆದ್ದರಿಂದ ಬೆಳಗಾಗುತ್ತಿದ್ದಂತೆ ಕುಕ್ಕೆ ಬಿಡಬೇಕು.

ನೀರು ತಲೆಗೆ 3 ಲೀಟರ್, ಭಟ್ರ ಮನೆಯಲ್ಲಿ ಪೂರ್ತಿ ತುಂಬಿಸಿ. ಮುಂದೆ ಹುಲ್ಲುಗಾವಲಿನ ದಾರಿಯಲ್ಲಿ ಸಿಗುವ ಕಲ್ಲು ಮಂಟಪದ ಹತ್ತಿರ ತೊರೆ ಉಂಟು, ಮಳೆಗಾಲ ಹಿಂದೆ ಸರಿದಷ್ಟೂ ಅದು ಬತ್ತುತ್ತದೆ. ಅದನ್ನೇ ನಂಬಿ ಹೋಗಬೇಡಿ.

ಇನ್ನೊಂದು ಮೋಸ: ಕೆಳಗಿನಿಂದ ಕಾಣುವುದು ಶೇಷ ಪರ್ವತ, ಕುಮಾರ ಪರ್ವತ ಅಲ್ಲ. ಅದು ಇದರ ಬೆನ್ನ ಹಿಂದೆ ಅಡಗಿದೆ. ಶೇಷ ಹತ್ತಿ 'ಮುಗಿಯಿತು' ಅಂತ ಕೂತರೆ, ಎದುರಿಗೆ ಮತ್ತೆ ಇಳಿಜಾರು, ಒಂದು ತುಂಡು ಶೋಲಾ ಕಾಡು, ಅದರಾಚೆ ಕಡಿದಾದ ಬಂಡೆ. ಬಂಡೆಯ ಮೇಲೆ ನೀರು ಜಿನುಗಿ ಪಾಚಿ ಕಟ್ಟಿರುತ್ತದೆ. ಅಡಿ ಸವೆದ ಶೂ ಹಾಕಿದವರು ಜಾರುವುದು ಅಲ್ಲಿಯೇ. ಮಧ್ಯಾಹ್ನ ಒಂದು ಗಂಟೆಯೊಳಗೆ ಶೇಷ ಪರ್ವತ ತಲುಪದಿದ್ದರೆ ಅಲ್ಲಿಂದಲೇ ತಿರುಗಿ.

ಟಿಕೆಟ್ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಉಂಟು, ವಾರಾಂತ್ಯದ್ದು ಬೇಗ ಮುಗಿಯುತ್ತದೆ. ತುದಿಯಲ್ಲಿ ಟೆಂಟ್ ಹಾಕುವಂತಿಲ್ಲ. ಭಟ್ರ ಮನೆಯಲ್ಲಿ ರಾತ್ರಿ ಉಳಿಯಲು ಈ ಸೀಸನ್ನಿಗೆ ಬಿಡುತ್ತಾರಾ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ.

ಸೋಮವಾರಪೇಟೆ ಕಡೆ ಹೆಗ್ಗಡೆಮನೆಯಿಂದ ದಾರಿ ಸುಮಾರು 7 ಕಿಮೀ, ಏರೂ ಕಡಿಮೆ. ಆದರೆ ಮಂಗಳೂರಿನವರಿಗೆ ಅಲ್ಲಿಗೆ ಹೋಗುವುದೇ ಒಂದು ದಿನದ ಕೆಲಸ.

ಸಂಗಮದ_ನೀರು

ಪುರಾಣದ ವಿಷಯ. ತಾರಕಾಸುರನನ್ನು ಕೊಂದು ಸುಬ್ರಹ್ಮಣ್ಯ ಬಂದಿಳಿದದ್ದು ಈ ಬೆಟ್ಟಕ್ಕೆ. ಇಂದ್ರ ಮಗಳು ದೇವಸೇನೆಯನ್ನು ಮಾರ್ಗಶಿರ ಶುದ್ಧ ಷಷ್ಠಿಯಂದು ಧಾರೆ ಎರೆದುಕೊಟ್ಟ. ಪಟ್ಟಾಭಿಷೇಕಕ್ಕೆ ತಂದ ತೀರ್ಥಗಳೆಲ್ಲ ಹರಿದು ಕುಮಾರಧಾರೆ ಆಯಿತು ಎನ್ನುತ್ತಾರೆ. ನಮ್ಮ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುವುದು ಅದೇ ನೀರು. ಗರುಡನಿಗೆ ಹೆದರಿ ವಾಸುಕಿ ತಪಸ್ಸಿಗೆ ಕೂತ ಬಿಲದ್ವಾರ ಗುಹೆ ಕುಕ್ಕೆ ಪೇಟೆಯಲ್ಲೇ ಇದೆ. ಮೇಲಿನವರು ಹೇಳಿದ ಶೇಷ ಪರ್ವತವೂ ಹಾಗೆಯೇ, ಕುಮಾರನ ಮುಂದೆ ಹೆಡೆ ಬಿಚ್ಚಿ ನಿಂತ ಹಾವು. ದೂರದಿಂದ ನೋಡಿದರೆ ಹೆಸರು ಇಟ್ಟವರ ಕಣ್ಣು ಎಷ್ಟು ಚುರುಕು ಅಂತ ತಿಳಿಯುತ್ತದೆ.

ಮಾವನಿಗೆ ಗುಡ್ಡ ಬೇಕಾಗಿಯೇ ಇಲ್ಲ. ಕುಮಾರಧಾರೆಯ ಸ್ನಾನಘಟ್ಟ, ಬಿಲದ್ವಾರ, ದರ್ಪಣತೀರ್ಥ, ಹುತ್ತ ಇರುವ ಆದಿ ಸುಬ್ರಹ್ಮಣ್ಯ, ಎಲ್ಲವೂ ನಡೆದುಕೊಂಡೇ ಒಂದು ಬೆಳಿಗ್ಗೆಯಲ್ಲಿ ಆಗುತ್ತವೆ. ಕಾಡು ನೋಡಬೇಕೆಂದರೆ ಅವರೂ ಟಿಕೆಟ್ ಮಾಡಿಸಿ ಭೀಮನ ಬಂಡೆ ತನಕ ಬಂದು ತಿರುಗಲಿ.

ನೀವು ಕೇಳಿದ ಆರು ಮುಖದ ಕಲ್ಲಿಗೆ ಕುಮಾರಲಿಂಗ ಎನ್ನುತ್ತಾರೆ, ಸಿಗುತ್ತದೆ ಎಂಬ ಮಾತು ನಿಜ. ತರುವಂತಿಲ್ಲ, ಅದು ಪುಷ್ಪಗಿರಿ ವನ್ಯಧಾಮ. ಕಂಡರೆ ನೋಡಿ ಅಲ್ಲೇ ಬಿಡಿ.

ಮರೆಯಬೇಡಿ, ಆ ಮಾರ್ಗಶಿರ ಷಷ್ಠಿ, ಅಂದರೆ ಚಂಪಾ ಷಷ್ಠಿ, ನವೆಂಬರ್ ಕೊನೆಗೋ ಡಿಸೆಂಬರಿಗೋ ಬೀಳುತ್ತದೆ. ಪಂಚಾಂಗ ನೋಡದೆ ಹೊರಟರೆ ಜಾತ್ರೆಯ ನಡುವೆ ಕೋಣೆಯೂ ಇಲ್ಲ, ವಾಪಸು ಬಸ್ಸಿನಲ್ಲಿ ಸೀಟೂ ಇಲ್ಲ. ಮಲೆಕುಡಿಯರು ಬೆತ್ತದಲ್ಲಿ ಕಟ್ಟಿದ ಬ್ರಹ್ಮರಥ ನೋಡಬೇಕು ಅಂತಿದ್ದರೆ ಮಾತ್ರ ಆ ದಿನ ಬನ್ನಿ, ಬೆಟ್ಟ ಬೇರೆ ದಿನಕ್ಕೆ ಇರಲಿ.

ಸುಣ್ಣದ_ಡಬ್ಬಿ

ಇಂಬಳದ (ರಕ್ತ ಹೀರುವ ಜಿಗಣೆ) ಬಗ್ಗೆ ಯಾರೂ ಹೇಳಲಿಲ್ಲ! ಹಿಂದಿನ ದಿನ ಮಳೆ ಬಿದ್ದಿದ್ದರೆ ಕಾಡಿನ ಭಾಗದಲ್ಲಿ ಡಿಸೆಂಬರಿನಲ್ಲೂ ಇರುತ್ತವೆ. ಪ್ಯಾಂಟಿನ ತುದಿಯನ್ನು ಸಾಕ್ಸಿನ ಒಳಗೆ ತುರುಕಿ, ಸಾಕ್ಸಿನ ಮೇಲೆ ಹೊಗೆಸೊಪ್ಪಿನ ನೀರೋ ಸುಣ್ಣವೋ ಸವರಿ. ಬರಿ ಚರ್ಮಕ್ಕೆ ಸುಣ್ಣ ಹಚ್ಚಬೇಡಿ, ಬೆವರಿಗೆ ಸುಡುತ್ತದೆ. ಕಚ್ಚಿದರೆ ಎಳೆಯಬೇಡಿ, ಬಾಯಿ ಊರಿದ ಜಾಗದಲ್ಲಿ ಉಗುರು ಜಾರಿಸಿದರೆ ಬಿಡುತ್ತದೆ. ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಸುಮಾರು ಹೊತ್ತು ಒಸರುತ್ತದೆ. ಅಪಾಯ ಇಲ್ಲ, ಬಟ್ಟೆ ಒತ್ತಿ ಹಿಡಿಯಿರಿ.

ಇಳಿಯುವುದಕ್ಕೂ ಒಂದು ಮಾತು. ಹುಲ್ಲುಗಾವಲಿನ ದಾರಿಯಲ್ಲಿ ಸಣ್ಣ ಜಲ್ಲಿ, ರಾಗಿ ಚೆಲ್ಲಿದ ನೆಲದ ಹಾಗೆ ಕಾಲು ಹಾರಿಸುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆ ಇಡಿ. ಹೋಗುವ ಮೊದಲು ಕಾಲುಗುರು ಕತ್ತರಿಸಿ, ಇಳಿಯುವಾಗ ಶೂ ಲೇಸನ್ನು ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಬೆರಳು ಶೂವಿನ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ.

ಬಿಜೈ_ಬಸ್‌ಸ್ಟ್ಯಾಂಡ್

ಭಾರೀ ಉಪಕಾರ ಆಯಿತು. ಮಾವನಿಗೆ ಭೀಮನ ಬಂಡೆ ತನಕ ಅಂತ ಹೇಳಿದೆ, ಒಪ್ಪಿದರು. ಊರುಗೋಲು ಅಲ್ಲೇ ಕಾಡಿನಲ್ಲಿ ಕಡಿಯಬಹುದಾ?

ಗಿರಿಗದ್ದೆ_ಗಾಳಿ

ಕಡಿಯುವ ಹಾಗಿಲ್ಲ. ಕುಕ್ಕೆಯಲ್ಲೇ ಅಂಗಡಿಯಲ್ಲಿ ಒಂದು ಬಿದಿರು ಕೋಲು ಕೇಳಿ ತೆಗೆದುಕೊಳ್ಳಿ. ಎದೆಯ ಎತ್ತರಕ್ಕೆ ಇದ್ದರೆ ಇಳಿಯುವಾಗ ಸರಿಯಾಗುತ್ತದೆ.