ಆಗಸ್ಟ್‌ನಲ್ಲಿ ಬಲೆ ಖಾಲಿ ಬಂತು, ಆ ಲೆಕ್ಕ ಬಿಡಬಹುದಾ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಊರ ಕೆರೆಯ ಜೂಪ್ಲಾಂಕ್ಟನ್ (ನೀರಲ್ಲಿ ತೇಲುವ ಪುಟ್ಟ ಪ್ರಾಣಿಗಳು) ಎಣಿಸುತ್ತಿದ್ದೇನೆ. ಮೇ ತಿಂಗಳಲ್ಲಿ ಸ್ಲೈಡ್ ತುಂಬಾ ಅವುಗಳಲ್ಲೇ ಅತಿ ಸಣ್ಣವಾದ ರೋಟಿಫರ್ ಇದ್ದವು. ಆಗಸ್ಟ್‌ನಲ್ಲಿ ಅದೇ ಜಾಗ, ಅದೇ ಬಲೆ, ಬರೀ ಮಣ್ಣು ಬಂತು. ಅನುಭವ ಇರುವವರು ಹೇಳಿ, ಆ ತಿಂಗಳು ಕೈಬಿಡಲಾ?

ಉತ್ತರ: ಖಂಡಿತ ಬಿಡಬೇಡಿ. ನಾನೂ ಎರಡು ವರ್ಷ ಕೆರೆ ನೀರು ಸೋಸಿದವಳು. ಬೇಸಿಗೆಯಲ್ಲಿ ನೀರು ಇಳಿದು, ಬಿಸಿಯಾಗಿ, ಪಾಚಿ ಜಾಸ್ತಿಯಾಗುತ್ತದೆ. ಬ್ರಾಕಿಯೋನಸ್‌ನಂಥ ರೋಟಿಫರ್‌ಗಳಿಗೆ ಅದು ಸುಗ್ಗಿ. ಗಂಡಿನ ಹಂಗಿಲ್ಲದೆ ಹೆಣ್ಣೇ ಮೊಟ್ಟೆಯಿಟ್ಟು ಕೆಲವೇ ದಿನದಲ್ಲಿ ಕೆರೆ ತುಂಬಿಸುತ್ತದೆ. ಮುಂಗಾರಿನ ಹೊಸ ನೀರು ಬಂದಾಗ ಅವು ಚದುರಿಹೋಗುತ್ತವೆ. ಕೆಂಪು ನೀರಲ್ಲಿ ಬೆಳಕು ಇಳಿಯದೆ ಪಾಚಿಯೂ ಸೊರಗುತ್ತದೆ. ನಮ್ಮ ಕೆರೆಯಲ್ಲಿ ಜುಲೈನಲ್ಲಿ, ನೀರು ಎಷ್ಟು ತಿಳಿ ಎಂದು ಅಳೆಯುವ ಸೆಕ್ಕಿ ತಟ್ಟೆ ಇಳಿಬಿಟ್ಟರೆ ಒಂದು ಗೇಣಿಗೇ ಮರೆಯಾಗುತ್ತಿತ್ತು. ಇನ್ನು ಕೋಡಿ ಬಿದ್ದರೆ ನೀರಿನ ಜೊತೆ ಅವೂ ಹೊರಗೆ. ನಿಮ್ಮ ಕೆರೆ ಕೋಡಿ ಬಿದ್ದಿತ್ತಾ? ಎಣಿಕೆಯ ಪಕ್ಕದಲ್ಲೇ ಅದನ್ನು ಬರೆದಿಡಿ.

ಮಳೆಗಾಲದಲ್ಲಿ 50 ಲೀಟರ್ ಬದಲು 100 ಲೀಟರ್ ಸೋಸಿ, ಲೆಕ್ಕವನ್ನು ಲೀಟರಿಗೆ ಇಳಿಸಿಕೊಳ್ಳಿ. ಹೊತ್ತು ಮಾತ್ರ ಬದಲಿಸಬೇಡಿ. ಡಾಫ್ನಿಯಾ, ಕೋಪೆಪಾಡ್‌ನಂಥ ದೊಡ್ಡ ಜೂಪ್ಲಾಂಕ್ಟನ್‌ಗಳು ಸಾಮಾನ್ಯವಾಗಿ ರಾತ್ರಿ ಮೇಲೆ ಬಂದು ಹಗಲು ಕೆಳಗಿಳಿಯುತ್ತವೆ. ಒಂದು ತಿಂಗಳು ಬೆಳಗ್ಗೆ 7ಕ್ಕೆ, ಮುಂದಿನ ತಿಂಗಳು ಮಧ್ಯಾಹ್ನ ಹೋಗಿ ನಾನು ಎರಡನ್ನೂ ಹೋಲಿಸಲಾಗದೆ ಅತ್ತಿದ್ದೇನೆ. ಇನ್ನೊಂದು, ಮೆತ್ತನೆ ಮೈಯ ರೋಟಿಫರ್‌ಗಳು, ಮಾದರಿ ಕೆಡದಂತೆ ಹಾಕುವ ಫಾರ್ಮಾಲಿನ್ ಬಿದ್ದ ಕೂಡಲೇ ಮುದುಡಿ ಉಂಡೆಯಾಗುತ್ತವೆ, ಗುರುತೇ ಸಿಗುವುದಿಲ್ಲ. ಮೊದಲು ಸ್ವಲ್ಪ ಸೋಡಾ ನೀರು ಹಾಕಿ, ಅವು ಜೋಂಪು ಹತ್ತಿದ ಮೇಲೆ ಫಾರ್ಮಾಲಿನ್ ಬಿಡಿ.

ಉತ್ತರ: ನಾನು ಕೆರೆ ಗುತ್ತಿಗೆ ಹಿಡಿದು ಮೀನು ಬೆಳೆಸುವವನು ಮೇಡಂ. ಮೀನುಮರಿ ಬಿಟ್ಟ ದಿನ ಕೇಳಿ ನೋಡಿ. ನಮ್ಮ ಕಡೆ ಕೆರೆಗೆ ನೀರು ಬಂದ ಮೇಲೆಯೇ ಬಿಡುತ್ತೇವೆ. ಕಾಟ್ಲಾ ಮರಿಗೆ ಈ ಹುಳಗಳೇ ಊಟ, ದೊಡ್ಡವು ಮೊದಲು ಖಾಲಿ. ಮಳೆಯ ಲೆಕ್ಕಕ್ಕೆ ಮೀನಿನ ಲೆಕ್ಕವನ್ನೂ ಸೇರಿಸಿ.

ಉತ್ತರ: ಇದೊಂದು ಮಾಡಿ ನೋಡಿ ತಂಗಿ. ಒಣಗಿದ ಕೆರೆ ಅಂಚಿನ ಒಂದು ಹಿಡಿ ಮಣ್ಣು ತಂದು, ಗಾಜಿನ ಬಾಟಲಿಗೆ ಹಾಕಿ, ಮಳೆ ನೀರು ತುಂಬಿ ಕಿಟಕಿ ಹತ್ತಿರ ಇಟ್ಟಿದ್ದೆ. ವಾರದೊಳಗೆ ಎಳ್ಳಿಗಿಂತ ಸಣ್ಣ ಬಿಳಿ ಚುಕ್ಕಿಗಳು ಕುಪ್ಪಳಿಸತೊಡಗಿದವು, ಡಾಫ್ನಿಯಾದ ಸಂಬಂಧಿ ಮೊಯಿನಾ! ಗಟ್ಟಿ ಚಿಪ್ಪಿನ ಮೊಟ್ಟೆಗಳು ಬರದಲ್ಲೂ ಕೆಸರಿನಲ್ಲಿ ಕಾದಿರುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಮತ್ತೆ ಬಲೆ ಹಾಕಿ. ಏನು ಸಿಕ್ಕಿತು ಅಂತ ಇಲ್ಲೇ ತಿಳಿಸಿ, ಕಾಯುತ್ತಿರುತ್ತೇನೆ.