ತೋಟದ ಬಿಡಾರಕ್ಕೆ ಎಂಥ ಕತ್ತಿ ಒಯ್ಯಬೇಕು? ಬಳಸಿ ಬಲ್ಲವರು ತಿಳಿಸಿ

ಕೋರಿಕೆ: ನಾವು ನಾಲ್ವರು ಮೂಡಿಗೆರೆ ಸಮೀಪದ ಸ್ನೇಹಿತರೊಬ್ಬರ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿಕೊಂಡು ಉಳಿಯಲಿದ್ದೇವೆ. ಸೌದೆ ಸೀಳಲು, ಪೊದೆ ಸವರಲು ದೊಡ್ಡದೊಂದು ಕತ್ತಿ ಬೇಕಾಗಿದೆ. ಬೆನ್ನಿಗೆ ಗರಗಸದ ಹಲ್ಲುಗಳಿರುವ, 12 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಚಾಕುವೊಂದನ್ನು ಆನ್‌ಲೈನಿನಲ್ಲಿ ನೋಡಿದ್ದೇನೆ. ಕೊಳ್ಳಬಹುದೇ?

ಮೊದಲ ಉತ್ತರ: ದಯವಿಟ್ಟು ಕೊಳ್ಳಬೇಡಿ. ಅಂಥದ್ದೇ ಒಂದನ್ನು ನಾನು ಕೊಂಡು, ಒಣ ಸಿಲ್ವರ್ ಓಕ್ ತುಂಡಿನ ಮೇಲಿಟ್ಟು ಕೊರಡಿನಿಂದ ಬಡಿದಾಗ, ಅಲಗು ಹಿಡಿಯ ಬುಡದಲ್ಲೇ ಮುರಿಯಿತು. ಹಿಡಿಯನ್ನು ಬಿಚ್ಚಿ ನೋಡಿದರೆ ಒಳಗೆ ಪೆನ್ಸಿಲ್ ಗಾತ್ರದ ಕಡ್ಡಿಯಷ್ಟೇ ಇತ್ತು. ಆ ಹಲ್ಲುಗಳು ಮರವನ್ನು ಕೊಯ್ಯಲಿಲ್ಲ, ಬಡಿಯುವ ಕೊರಡನ್ನು ಮಾತ್ರ ಚೆನ್ನಾಗಿ ತಿಂದವು.

ನಮ್ಮ ಮನೆಯಲ್ಲಿ ಈಗಲೂ ಬಳಕೆಯಲ್ಲಿರುವುದು ಊರಿನ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ತಟ್ಟಿಕೊಟ್ಟ, ಮೂಗು ಮುಂದಕ್ಕೆ ಬಾಗಿದ ಕತ್ತಿ. ಭಾರವೆಲ್ಲ ಮೂಗಿನ ಕಡೆಗಿರುವುದರಿಂದ ಕೈ ಬೀಸಿದರೆ ಸಾಕು, ಉಳಿದದ್ದನ್ನು ಕತ್ತಿಯೇ ಮಾಡುತ್ತದೆ. ಕೊಳ್ಳುವಾಗ ಜೊತೆಗೊಂದು ಅರ ಇಟ್ಟುಕೊಂಡು ಹೋಗಿ ಬಾಯಿಯ ಮೇಲೆ ಮೆಲ್ಲನೆ ಎಳೆದು ನೋಡಿ: ಅರ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಹೆಚ್ಚಾಗಿದೆ, ಮರದ ಗಂಟಿಗೆ ತಾಗಿದಾಗ ಚಕ್ಕೆ ಏಳುತ್ತದೆ, ಸಲೀಸಾಗಿ ಕಚ್ಚಿದರೆ ಮೆದು, ಬಾಯಿ ಮಡಚಿಕೊಳ್ಳುತ್ತದೆ, ಒಂದಿಷ್ಟು ತಡೆದು ಕಚ್ಚುವುದೇ ಸರಿಯಾದ ಹದ. ಬಿಸಿಲಿಗೆ ಒಣಗಿ ಹಿಡಿ ಸಡಿಲಾದರೆ ರಾತ್ರಿಯಿಡೀ ನೀರಿನಲ್ಲಿಟ್ಟರೆ ಮರ ಉಬ್ಬಿ ತಾತ್ಕಾಲಿಕವಾಗಿ ಬಿಗಿಯಾಗುತ್ತದೆ, ಆದರೆ ಅದನ್ನು ನಂಬಿ ಜೋರಾಗಿ ಬೀಸಬೇಡಿ.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಲ್ಯಾಟಿನ್ ಅಮೆರಿಕದ ಮಾದರಿಯ ಉದ್ದನೆಯ ಮಚೆಟೆಯನ್ನೂ ನೇಪಾಳದ ಖುಕುರಿಯನ್ನೂ ಬಳಸಿದ್ದೇನೆ. ಮಚೆಟೆಯ ಅಲಗು ತೆಳು, ಹಸಿ ಬಳ್ಳಿ ಮತ್ತು ಲಂಟಾನ ಸವರಲು ಅದಕ್ಕೆ ಸಾಟಿಯಿಲ್ಲ, ಆದರೆ ಒಣ ಸೌದೆಗೆ ಅದು ನಡೆಯುವುದಿಲ್ಲ. ಖುಕುರಿಯ ಬೆನ್ನು ದಪ್ಪ. ಅಲ್ಲಿನ ಕಮ್ಮಾರರು ಕಾದ ಅಲಗಿನ ಬಾಯಿಗಷ್ಟೇ ನೀರು ಸುರಿದು ಹದ ಕೊಡುವುದರಿಂದ ಬಾಯಿ ಗಡುಸಾಗಿ, ಬೆನ್ನು ಪೆಟ್ಟು ತಡೆಯುವಂತೆ ಉಳಿಯುತ್ತದೆ. ನಿಮಗೆ ಸೌದೆಯೇ ಮುಖ್ಯವಾದರೆ ಊರ ಕತ್ತಿ ಅಥವಾ ಖುಕುರಿ ಸಾಕು. ಈರುಳ್ಳಿ ಹೆಚ್ಚಲು ಸಣ್ಣ ಚಾಕುವೊಂದು ಬೇರೆಯೇ ಇರಲಿ. ಒಣ ಬಿದಿರನ್ನು ಗೆಣ್ಣಿನ ಮೇಲೆ ನೇರವಾಗಿ ಹೊಡೆದು ನಾನು ಬಾಯಿ ಹಾಳುಮಾಡಿಕೊಂಡಿದ್ದೇನೆ, ಗೆಣ್ಣು ಬಿಟ್ಟು ಓರೆಯಾಗಿ ಹೊಡೆಯಿರಿ.

ಮೂರನೆಯ ಉತ್ತರ: ಕಾನೂನಿನ ಮಾತೊಂದು. ಗೃಹಬಳಕೆ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗೆಂದು ತಯಾರಾಗದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದೇ ಎಣಿಸುತ್ತವೆ. ನೀವು ನೋಡಿರುವ 12 ಇಂಚಿನ ಚಾಕು ಯಾವ ಕೃಷಿ ಕೆಲಸದ್ದೆಂದು ಚೆಕ್‌ಪೋಸ್ಟಿನಲ್ಲಿ ವಿವರಿಸುವುದು ಕಷ್ಟ. ತೋಟದಿಂದ ಹಾಗೆಯೇ ಪುಷ್ಪಗಿರಿಯಂಥ ಅಭಯಾರಣ್ಯಕ್ಕೆ ಚಾರಣ ಹೋಗುವ ಯೋಚನೆಯಿದ್ದರೆ ಕತ್ತಿಯನ್ನು ತೋಟದಲ್ಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನಂತೆ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಲ್ಲಿ ಪ್ರವೇಶಿಸುವಂತಿಲ್ಲ.

ಮೊದಲ ಉತ್ತರದವರು ಮತ್ತೆ: ಒಂದು ಮಾತು ಮರೆತಿದ್ದೆ. ಮಳೆಗಾಲದಲ್ಲಿ ಚರ್ಮದ ಒರೆಯೊಳಗೇ ಕತ್ತಿಯನ್ನು ಬಿಟ್ಟರೆ ತೇವ ಕುಳಿತು ತುಕ್ಕು ಹಿಡಿಯುತ್ತದೆ. ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಹೊರಗೆ ತೂಗುಹಾಕಿ. ಅಂದಹಾಗೆ, ಆ ತೋಟದ ಮನೆಯಲ್ಲೇ ಒಳ್ಳೆಯ ಕತ್ತಿಗಳು ಒಂದೆರಡಾದರೂ ಇರುತ್ತವೆ. ಕೊಳ್ಳುವ ಮೊದಲು ನಿಮ್ಮ ಸ್ನೇಹಿತರನ್ನೊಮ್ಮೆ ಕೇಳಿ ನೋಡಿ.